ಎಣ್ಣೆ ಟವೆಲ್, ಒಣಗಿಸುವ ಯಂತ್ರ ಮತ್ತು ಬೆಂಕಿ

ಕಳೆದ ಮಳೆಗಾಲದಲ್ಲಿ ಮಂಡಿನೋವಿನ ಚಿಕಿತ್ಸೆಗೆ ಬರುತ್ತಿದ್ದ ಹಿರಿಯ ತಾಯಿಯೊಬ್ಬರು ಒಂದು ಬೆಳಿಗ್ಗೆ ಗಾಬರಿಯಿಂದ ನನ್ನ ದವಾಖಾನೆಗೆ ಬಂದರು. ಅವರಿಗೆ ನಾನು ದಿನಕ್ಕೆರಡು ಸಲ ಬೆಚ್ಚಗಿನ ಎಣ್ಣೆಯ ಮಾಲೀಶು ಹೇಳಿದ್ದೆ. ಮಾಲೀಶಿನ ನಂತರ ಒರೆಸಿದ ಟವೆಲ್‌ಗಳನ್ನು ಸೊಸೆ ಒಗೆದು, ಒಣಗಿಸುವ ಯಂತ್ರಕ್ಕೆ ಹಾಕಿ, ಬಿಸಿಬಿಸಿಯಾಗಿಯೇ ತೆಗೆದು ಬುಟ್ಟಿಯಲ್ಲಿ ರಾಶಿ ಹಾಕಿದ್ದರಂತೆ. ಮಧ್ಯರಾತ್ರಿ ಸುಟ್ಟ ವಾಸನೆ ಬಂದು ಎದ್ದು ನೋಡಿದರೆ ರಾಶಿಯ ನಡುವಿನ ಟವೆಲ್‌ಗಳು ಕರಿಕಾಗಿ ಹೊಗೆಯಾಡುತ್ತಿದ್ದವು.

"ಬಟ್ಟೆ ಒಗೆದದ್ದೇ, ಯಂತ್ರವೂ ಬಂದ್ ಆಗಿತ್ತು. ಮತ್ತೆ ಹೇಗೆ ಸುಟ್ಟಿತು ಡಾಕ್ಟ್ರೇ?" ಎಂದು ಕೇಳಿದರು.

ಎಣ್ಣೆ ಬರೆದುಕೊಟ್ಟದ್ದು ನಾನು. ಟವೆಲ್ ವಿಷಯ ಹೇಳದೆ ಬಿಟ್ಟದ್ದು ನನ್ನದೇ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳಲು ಈ ಲೇಖನ.

ಒಗೆದ ಬಟ್ಟೆ ತಾನಾಗಿ ಸುಡುವುದೇಕೆ?

ಎಣ್ಣೆ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ನಿಧಾನವಾಗಿ ಸೇರುತ್ತದೆ. ಆಗ ಸ್ವಲ್ಪ ಶಾಖ ಹುಟ್ಟುತ್ತದೆ. ಬಟ್ಟೆ ಹಗ್ಗದ ಮೇಲೆ ಹರಡಿದ್ದರೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ರಾಶಿಯಾಗಿದ್ದರೆ ಒಳಗೇ ಉಳಿಯುತ್ತದೆ. ಶಾಖ ಹೆಚ್ಚಿದಷ್ಟೂ ಎಣ್ಣೆ ಇನ್ನಷ್ಟು ಬೇಗ ಆಮ್ಲಜನಕ ಹೀರುತ್ತದೆ, ಮತ್ತಷ್ಟು ಬಿಸಿಯಾಗುತ್ತದೆ. ಹೀಗೆ ಗಂಟೆಗಳ ನಂತರ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಯಂತ್ರ ಕೊಟ್ಟ ಬಿಸಿ ಈ ಕ್ರಿಯೆಗೆ ಚಾಲನೆ ನೀಡುತ್ತದೆ. ಒಮ್ಮೆ ಒಗೆದ ಮಾತ್ರಕ್ಕೆ ಎಣ್ಣೆ ಪೂರ್ತಿ ಹೋಗುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ವಿಷಯ.

ಅಗಸೆ ಎಣ್ಣೆ ಇದರಲ್ಲಿ ಅತ್ಯಂತ ಅಪಾಯಕಾರಿ. ಸೂರ್ಯಕಾಂತಿ, ಎಳ್ಳು, ಸಾಸಿವೆ ಎಣ್ಣೆಗಳಿಗೂ ಈ ಗುಣವಿದೆ. ತೆಂಗಿನೆಣ್ಣೆಗೆ ಕಡಿಮೆ, ಆದರೆ ಅದನ್ನು ನಂಬಿ ಕೂರಬೇಡಿ. ಕರಿದ ತಿಂಡಿ ಇಟ್ಟ ಬಟ್ಟೆ, ಅಡುಗೆಮನೆಯ ಒರೆಸುವ ಬಟ್ಟೆಗಳೂ ಇದೇ ಸಾಲಿಗೆ ಸೇರುತ್ತವೆ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ತಾಗಿದ ಬಟ್ಟೆ, ಫೋಮ್ ತುಂಬಿದ ದಿಂಬು, ರಬ್ಬರ್ ತಳದ ಮ್ಯಾಟ್ ಇವುಗಳನ್ನು ಕೂಡ ಒಣಗಿಸುವ ಯಂತ್ರಕ್ಕೆ ಹಾಕಬಾರದು.

ಚರ್ಮರೋಗಕ್ಕೆ ಹಚ್ಚುವ ಮುಲಾಮುಗಳ ಬಗ್ಗೆಯೂ ಒಂದು ಮಾತು. ಮುಲಾಮು ಹೀರಿ ಒಣಗಿದ ಬಟ್ಟೆ, ಹಾಸಿಗೆಗಳಿಗೆ ಬೆಂಕಿ ಬಹು ಬೇಗ ಹಿಡಿಯುತ್ತದೆ, ಒಗೆದರೂ ಅಂಶ ಪೂರ್ತಿ ಹೋಗದಿರಬಹುದು ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು.

ನಿಮ್ಮ ಮನೆಯಲ್ಲಿರುವುದು ಯಾವ 'ಡ್ರೈಯರ್'?

ನಮ್ಮಲ್ಲಿ ಸೆಮಿ ಆಟೊಮ್ಯಾಟಿಕ್ ಯಂತ್ರದ ಎರಡನೇ ತೊಟ್ಟಿಯನ್ನೂ ಡ್ರೈಯರ್ ಎನ್ನುತ್ತೇವೆ. ಅದು ಬಟ್ಟೆಯನ್ನು ವೇಗವಾಗಿ ತಿರುಗಿಸಿ ನೀರು ಹಿಂಡುತ್ತದೆ ಅಷ್ಟೇ, ಬಿಸಿ ಮಾಡುವುದಿಲ್ಲ. ಈ ಲೇಖನ ಬಿಸಿಗಾಳಿಯಿಂದ ಒಣಗಿಸುವ ಯಂತ್ರಗಳ ಬಗ್ಗೆ. ಅವು ಮುಖ್ಯವಾಗಿ ನಾಲ್ಕು ಬಗೆ.

1. ವೆಂಟೆಡ್: ಬಿಸಿಯಾದ ತೇವದ ಗಾಳಿಯನ್ನು ಕೊಳವೆಯ ಮೂಲಕ ಮನೆಯ ಹೊರಗೆ ಬಿಡುತ್ತದೆ. ಬೆಲೆ ಕಡಿಮೆ. ಆದರೆ ಕೊಳವೆಯಲ್ಲಿ ಬಟ್ಟೆಯ ಜುಂಗು ಕಟ್ಟಿಕೊಳ್ಳುತ್ತದೆ. ಕೊಳವೆ ಲೋಹದ್ದಾಗಿರಲಿ, ಗಿಡ್ಡವಾಗಿ ನೇರವಾಗಿರಲಿ. ಪ್ಲಾಸ್ಟಿಕ್ ಕೊಳವೆ ಬೇಡ.

2. ಕಂಡೆನ್ಸರ್: ತೇವದ ಗಾಳಿಯನ್ನು ತಣಿಸಿ ನೀರಾಗಿಸಿ ಡಬ್ಬಿಯಲ್ಲಿ ಶೇಖರಿಸುತ್ತದೆ. ಕೊಳವೆ ಬೇಕಿಲ್ಲ. ಡಬ್ಬಿಯ ನೀರು ಚೆಲ್ಲುವುದರ ಜೊತೆಗೆ ಕಂಡೆನ್ಸರ್ ಭಾಗವನ್ನೂ ಆಗಾಗ ತೊಳೆಯಬೇಕು. ಮುಚ್ಚಿದ ಕಪಾಟಿನೊಳಗೆ ಇಡಬಾರದು.

3. ಹೀಟ್ ಪಂಪ್: ಒಂದೇ ಗಾಳಿಯನ್ನು ಒಳಗೆ ಸುತ್ತಿಸಿ, ಅದರ ಶಾಖವನ್ನು ಮತ್ತೆ ಬಳಸುತ್ತದೆ. ಕಡಿಮೆ ಉಷ್ಣತೆಯಲ್ಲಿ ಕೆಲಸ ಮಾಡುವುದರಿಂದ ಬಟ್ಟೆಗೆ ಒಳ್ಳೆಯದು, ವಿದ್ಯುತ್ತೂ ಬಹಳ ಉಳಿಯುತ್ತದೆ. ಸಮಯ ಹೆಚ್ಚು ಬೇಕು, ಬೆಲೆಯೂ ಹೆಚ್ಚು. ಜುಂಗು ತೆಗೆಯುವ ಕೆಲಸ ಇದಕ್ಕೂ ತಪ್ಪಿದ್ದಲ್ಲ.

4. ವಾಷರ್ ಡ್ರೈಯರ್: ಒಗೆಯುವುದು, ಒಣಗಿಸುವುದು ಎರಡೂ ಒಂದರಲ್ಲೇ. ಒಗೆಯುವಷ್ಟು ಬಟ್ಟೆಯನ್ನು ಇದು ಒಣಗಿಸಲಾರದು. 8 ಕೆಜಿ ಒಗೆಯುವ ಯಂತ್ರ ಸಾಮಾನ್ಯವಾಗಿ 5 ಕೆಜಿಯಷ್ಟನ್ನೇ ಒಣಗಿಸುತ್ತದೆ. ಉಳಿದದ್ದನ್ನು ತೆಗೆದು ಹಗ್ಗಕ್ಕೆ ಹಾಕಿ.

ಜುಂಗು ಎಂಬ ಇಂಧನ

ಬಟ್ಟೆ ಉರುಳುವಾಗ ಉದುರುವ ಸಣ್ಣ ನಾರುಗಳೇ ಜುಂಗು. ಹತ್ತಿಯಷ್ಟೇ ಸುಲಭವಾಗಿ ಉರಿಯುತ್ತದೆ. ಬಿಸಿ ಕಾಯಿಲ್‌ಗೆ ಅದು ತಾಗಿದರೆ ಕಿಡಿ ಹತ್ತುತ್ತದೆ, ಗಾಳಿಯ ದಾರಿ ಕಟ್ಟಿದರೆ ಯಂತ್ರ ಮಿತಿಮೀರಿ ಕಾಯುತ್ತದೆ. ಮನೆಮನೆಯಲ್ಲೂ ಇಂಥ ಯಂತ್ರವಿರುವ ಅಮೆರಿಕದಲ್ಲಿ 2008ರಿಂದ 2010ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣಗಳು ವರದಿಯಾದವೆಂದು ಅಲ್ಲಿನ ಸರಕಾರಿ ಅಗ್ನಿಶಾಮಕ ಆಡಳಿತ ಲೆಕ್ಕ ಕೊಟ್ಟಿದೆ. ಸ್ವಚ್ಛ ಮಾಡದಿರುವುದೇ ಮುಖ್ಯ ಕಾರಣವೆಂದೂ ಅದು ಹೇಳಿದೆ.

ಯಂತ್ರದ ದೋಷವೂ ಇರಬಹುದು. ಬ್ರಿಟನ್ನಿನಲ್ಲಿ ವರ್ಲ್‌ಪೂಲ್ ಕಂಪೆನಿಯು ಹಾಟ್‌ಪಾಯಿಂಟ್, ಇಂಡೆಸಿಟ್ ಮುಂತಾದ ಹೆಸರುಗಳಲ್ಲಿ 2004ರಿಂದ 2015ರವರೆಗೆ ತಯಾರಾದ ಯಂತ್ರಗಳಲ್ಲಿ ಜುಂಗು ಕಾಯಿಲ್‌ಗೆ ತಾಗುವ ಅಪಾಯವಿದೆಯೆಂದು 2015ರಲ್ಲಿ ಪ್ರಕಟಿಸಿತು. 2016ರ ಆಗಸ್ಟ್‌ನಲ್ಲಿ ಲಂಡನ್ನಿನ ಶೆಪರ್ಡ್ಸ್ ಬುಷ್‌ನಲ್ಲಿ ಬಹುಮಹಡಿ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಒಂದು ಡ್ರೈಯರ್‌ನಿಂದ. ನಂದಿಸಲು ನೂರಕ್ಕೂ ಹೆಚ್ಚು ಸಿಬ್ಬಂದಿ ಬೇಕಾಯಿತು. ದುರಸ್ತಿಯಾಗದೆ ಉಳಿದ ಯಂತ್ರಗಳನ್ನು ಹಿಂದಕ್ಕೆ ಪಡೆಯುವ ಕಾರ್ಯ ಶುರುವಾದದ್ದು 2019ರಲ್ಲಿ. ಆದ್ದರಿಂದ ವಿದೇಶದಿಂದ ತಂದ ಅಥವಾ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವ ಮುನ್ನ, ಹಿಂಭಾಗದ ಅಥವಾ ಬಾಗಿಲಿನ ಒಳಗಿನ ಮಾದರಿ ಸಂಖ್ಯೆ ಬರೆದುಕೊಂಡು ಕಂಪೆನಿಯಲ್ಲಿ ವಿಚಾರಿಸಿ.

ಪಾಲಿಸಬೇಕಾದ ನಿಯಮಗಳು

• ಪ್ರತಿ ಸಲ ಬಳಸಿದ ಮೇಲೆ ಜುಂಗಿನ ಜಾಲರಿ ಶುಚಿ ಮಾಡಿ. ಜಾಲರಿ ಹರಿದಿದ್ದರೆ ಯಂತ್ರ ಚಲಾಯಿಸಬೇಡಿ.

• ಮಾಲೀಶಿಗೆ ಹಳೆಯ ಹತ್ತಿಬಟ್ಟೆಗಳನ್ನು ಬೇರೆಯೇ ಇಟ್ಟುಕೊಳ್ಳಿ. ಬಿಸಿನೀರು, ಸಾಕಷ್ಟು ಸೋಪುಪುಡಿ ಹಾಕಿ ಎರಡು ಸಲ ಒಗೆದು ಹಗ್ಗದ ಮೇಲೆ ಒಣಗಿಸಿ. ಮಳೆ ಬಂದರೂ ಅವು ಯಂತ್ರಕ್ಕಲ್ಲ.

• ಕೊನೆಯ ಕೆಲವು ನಿಮಿಷ ಯಂತ್ರ ತಣ್ಣನೆಯ ಗಾಳಿಯಲ್ಲಿ ತಿರುಗುತ್ತದೆ. ಅದು ಮುಗಿಯುವ ಮುನ್ನ ನಿಲ್ಲಿಸಬೇಡಿ. ನಡುವೆ ಕರೆಂಟು ಹೋದರೆ ಬಟ್ಟೆ ತೆಗೆದು ಹರಡಿ.

• ಡ್ರೈಯರ್‌ಗಳಲ್ಲಿ ಹಲವು 2,000 ವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯುತ್ತವೆ. ನಮ್ಮ 6 ಆಂಪಿಯರ್ ಪ್ಲಗ್ ತಾಳುವುದು ಸುಮಾರು 1,400 ವ್ಯಾಟ್ ಮಾತ್ರ. ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ.

• ಮಲಗುವಾಗ, ಮದುವೆ ಮನೆಗೋ ತರಾವೀಹ್‌ಗೋ ಹೊರಡುವಾಗ ಯಂತ್ರ ಹಾಕಿ ಹೋಗಬೇಡಿ.

• ಮಕ್ಕಳು ಒಳಗೆ ಹೊಕ್ಕದಂತೆ ಬಾಗಿಲು ಸದಾ ಮುಚ್ಚಿರಲಿ.

ಬೆಂಕಿ ಹತ್ತಿದರೆ

ಯಂತ್ರದ ಬಾಗಿಲು ತೆರೆಯಬೇಡಿ, ಗಾಳಿ ನುಗ್ಗಿ ಬೆಂಕಿ ಹೆಚ್ಚುತ್ತದೆ. ಕೈಗೆಟುಕಿದರೆ ಮೇನ್ ಸ್ವಿಚ್ ಆರಿಸಿ. ನೀರು ಎರಚಬೇಡಿ. ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು 101 ಅಥವಾ 112ಕ್ಕೆ ಕರೆ ಮಾಡಿ. ಹೊಗೆ ತುಂಬಿದ್ದರೆ ಬಗ್ಗಿ ನಡೆಯಿರಿ.

ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ತೆಗೆಯಿರಿ. ಟೂತ್‌ಪೇಸ್ಟ್, ಮಂಜುಗಡ್ಡೆ ಬೇಡ. ಯುನಾನಿ ವೈದ್ಯನಾಗಿ ಹೇಳುತ್ತಿದ್ದೇನೆ, ಆ ಹೊತ್ತಿಗೆ ಎಣ್ಣೆಯೂ ಮರ್ಹಮ್ ಕೂಡ ಬೇಡ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ ಅಥವಾ ಮರ್ಮಸ್ಥಾನದಲ್ಲಿದ್ದರೆ, ಹೊಗೆ ಕುಡಿದಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ನಮ್ಮ ವೈದ್ಯ ಪದ್ಧತಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳಲ್ಲಿ ಗಾಳಿಯನ್ನು ಮೊದಲಿಗೆ ಎಣಿಸುತ್ತದೆ. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ತೂಗುಹಾಕಿದರೆ ತೇವ, ಬೂಷ್ಟು ಹೆಚ್ಚಿ ಉಬ್ಬಸದವರಿಗೆ ತೊಂದರೆ. ಆ ದೃಷ್ಟಿಯಿಂದ ಒಣಗಿಸುವ ಯಂತ್ರ ಕರಾವಳಿಯ ಮಳೆಗಾಲಕ್ಕೆ ಒಳ್ಳೆಯದೇ. ಬಿಸಿಲಿದ್ದ ದಿನ ಬಿಸಿಲೇ ಸಾಕು.

ಆ ತಾಯಿಯ ಮಾಲೀಶು ಈಗಲೂ ನಡೆದಿದೆ, ಮಂಡಿನೋವೂ ತಗ್ಗಿದೆ. ಟವೆಲ್‌ಗಳು ಮಾತ್ರ ಹಿತ್ತಿಲ ಚಾವಣಿಯ ಕೆಳಗೆ, ಹಗ್ಗದ ಮೇಲೆ ಒಣಗುತ್ತವೆ. ಈಗ ನಾನು ಎಣ್ಣೆ ಬರೆದುಕೊಡುವ ಪ್ರತಿ ಚೀಟಿಯ ಕೆಳಗೂ ಅದೊಂದು ಸಾಲು ಬರೆಯುತ್ತೇನೆ. ನೀವೂ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರಿಗೆ ಇಂದೇ ತಿಳಿಸಿ.