ಪರವಾನಗಿಯ ಕೋವಿ, ವಿನಾಯಿತಿಯ ಕೋವಿ: ಹವ್ಯಾಸಿ ಗುರಿಕಾರರು ಅರಿತಿರಬೇಕಾದ ಕಾನೂನು

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ. 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರಡಿ ರಚಿತವಾದ 2016ರ ನಿಯಮಗಳು ಮತ್ತು 2019ರ ತಿದ್ದುಪಡಿ ಸೇರಿ ಕೊಡುವ ಅನುಮತಿ ಅದು. ಈ ಅನುಮತಿ ಒಬ್ಬ ನಿರ್ದಿಷ್ಟ ವ್ಯಕ್ತಿಗೆ, ಒಂದು ನಿರ್ದಿಷ್ಟ ಆಯುಧಕ್ಕೆ, ಇಂತಿಷ್ಟು ಪ್ರದೇಶಕ್ಕೆ ಮತ್ತು ಇಂಥದೇ ಉದ್ದೇಶಕ್ಕೆ ಸೀಮಿತವಾಗಿರುತ್ತದೆ. ಇವುಗಳಲ್ಲಿ ಯಾವುದೊಂದು ಬದಲಾದರೂ ಹಳೆಯ ಅನುಮತಿ ತಾನಾಗಿ ಮುಂದುವರಿಯುವುದಿಲ್ಲ. ಗುರಿ ಹೊಡೆಯುವ ಹವ್ಯಾಸದವರು, ಮಲೆನಾಡಿನ ತೋಟದ ಮನೆಗಳಲ್ಲಿ ತಲೆಮಾರಿನಿಂದ ಕೋವಿ ಇಟ್ಟುಕೊಂಡವರು ಮತ್ತು ಕೊಡಗಿನಲ್ಲಿ ಪರವಾನಗಿಯಿಂದ ವಿನಾಯಿತಿ ಪಡೆದವರು ತೊಡಕಿಗೆ ಸಿಲುಕುವುದು ಹೆಚ್ಚಾಗಿ ದುರುದ್ದೇಶದಿಂದಲ್ಲ, ಈ ಮಿತಿಗಳ ಅರಿವಿಲ್ಲದಿರುವುದರಿಂದ.

ಕಾಯ್ದೆಯ ಭಾಷೆಯಲ್ಲಿ ಬಂದೂಕುಗಳನ್ನು ನಿಷೇಧಿತ ಮತ್ತು ಅನಿಷೇಧಿತ ಬೋರ್ ಎಂದು ವಿಂಗಡಿಸುವುದು ರೂಢಿ. ಬೋರ್ ಎಂದರೆ ನಳಿಕೆಯ ಒಳವ್ಯಾಸ. ಸೇನೆ ಮತ್ತು ಪೊಲೀಸರು ಬಳಸುವ .303, 9 ಮಿಲಿಮೀಟರ್, 7.62 ಮಿಲಿಮೀಟರ್ ಮುಂತಾದವು ನಿಷೇಧಿತ ವರ್ಗದವು. ಇವಕ್ಕೆ ಪರವಾನಗಿ ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. 12 ಬೋರ್ ಕೋವಿ, .22 ಮತ್ತು .315 ರೈಫಲ್, .32 ರಿವಾಲ್ವರ್ ಇವು ಅನಿಷೇಧಿತ ವರ್ಗದವು. ಇವಕ್ಕೆ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯಾಗಿ ಜಿಲ್ಲಾಧಿಕಾರಿಯವರೂ, ಬೆಂಗಳೂರಿನಂತಹ ನಗರಗಳಲ್ಲಿ ಪೊಲೀಸ್ ಆಯುಕ್ತರೂ ಪರವಾನಗಿ ನೀಡುತ್ತಾರೆ. ಕಲಿಕೆಯ ಏರ್ ರೈಫಲ್ 0.177 ಇಂಚಿನ ನಳಿಕೆಯದಾಗಿದ್ದು ಅದರ ಶಕ್ತಿ 20 ಜೂಲ್‌ಗಿಂತ ಕಡಿಮೆಯಿದ್ದರೆ ಪರವಾನಗಿ ಬೇಕಿಲ್ಲ, ಆದರೆ ಮಾರಾಟಗಾರ ಕೊಳ್ಳುವವನ ಗುರುತಿನ ದಾಖಲೆ ಪಡೆದುಕೊಳ್ಳುತ್ತಾನೆ. ಅಟ್ಟದ ಮೇಲೆ ಸಿಕ್ಕಿದ ಮುತ್ತಜ್ಜನ ಕಾಲದ ಕೋವಿಯ ವಿಷಯ ಬೇರೆ: 2020ರ ಫೆಬ್ರವರಿಯ ಅಧಿಸೂಚನೆಯ ಪ್ರಕಾರ ಪುರಾತನ ವಸ್ತುವಿನ ವರ್ಗಕ್ಕೆ ಸೇರುವ ಸಣ್ಣ ಆಯುಧವನ್ನು ಭಾರತೀಯ ನಾಗರಿಕರು ಮನೆಯಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಡ, ಆದರೆ ಅದನ್ನು ಬಳಸಲು, ಹೊತ್ತೊಯ್ಯಲು ಅಥವಾ ಸಾಗಿಸಲು ಬೇಕೇ ಬೇಕು. ಹಳೆಯದೆಂದು ಮನೆಯವರು ಹೇಳಿದ ಮಾತ್ರಕ್ಕೆ ಕೋವಿ ಪುರಾತನವಾಗುವುದಿಲ್ಲ. ಈಡು ಹಾರಿಸಬಲ್ಲ ಸ್ಥಿತಿಯಲ್ಲಿರುವ ಯಾವುದೇ ಕೋವಿಯನ್ನು ಅಧಿಕಾರಿಗಳಿಗೆ ತೋರಿಸಿ ಲಿಖಿತ ಉತ್ತರ ಪಡೆದುಕೊಳ್ಳುವುದೇ ಕ್ಷೇಮ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಕಿರಿಯರು ನಿಗದಿತ ಷರತ್ತುಗಳ ಅಡಿಯಲ್ಲಿ ತರಬೇತಿಗಾಗಿ ಮಾತ್ರ ಬಂದೂಕು ಬಳಸಬಹುದು. ಅರ್ಜಿ ಬಂದಾಗ ಪರವಾನಗಿ ಪ್ರಾಧಿಕಾರ ಠಾಣೆಯಿಂದ ವರದಿ ತರಿಸಿಕೊಳ್ಳುತ್ತದೆ, ಮತ್ತು ಕಡತ ನಿಂತುಬಿಡುವುದು ಬಹುತೇಕ ಇಲ್ಲಿಯೇ. ಆದರೆ ನಿಗದಿತ ಅವಧಿಯೊಳಗೆ ಪೊಲೀಸ್ ವರದಿ ಬಾರದಿದ್ದರೆ ಅದಕ್ಕಾಗಿ ಕಾಯದೆ ಆದೇಶ ಹೊರಡಿಸುವ ಅಧಿಕಾರವನ್ನು ಕಲಂ 13 ಪ್ರಾಧಿಕಾರಕ್ಕೆ ಕೊಟ್ಟಿದೆಯೆಂಬುದನ್ನು ಅರ್ಜಿದಾರರು ಬರವಣಿಗೆಯಲ್ಲಿ ನೆನಪಿಸಬಹುದು, ನೆನಪಿಸಬೇಕು ಕೂಡ. 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನುಣುಪು ಬೋರಿನ ಕೋವಿಯನ್ನು, ಅಂದರೆ ಒಳಗೆ ಸುರುಳಿ ಗೆರೆಗಳಿಲ್ಲದ ಕೋವಿಯನ್ನು, ರಕ್ಷಣೆಗೆ ಅಥವಾ ಕ್ರೀಡೆಗೆ ಕೇಳಿದವರ ವಿಷಯದಲ್ಲಿ, ಹಾಗೆಯೇ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ .22 ರೈಫಲ್ ಕೇಳಿದಾಗ, ಕಾಯ್ದೆ ಇತರ ಆಯುಧಗಳಿಗಿಂತ ಉದಾರವಾಗಿದೆ. ಪರವಾನಗಿ ನಿರಾಕರಿಸಿದರೆ ಕಾರಣಗಳನ್ನು ಬರೆದಿಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗದಿದ್ದರೆ ಅದರ ಸಂಕ್ಷಿಪ್ತ ವಿವರವನ್ನು ಕೇಳಿದವನಿಗೆ ಕೊಡಬೇಕು, ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಇವು ಕಲಂ 14ರ ಮಾತುಗಳು. ಸರ್ಕಾರವೇ ಹೊರಡಿಸಿದ ಆದೇಶವನ್ನು ಬಿಟ್ಟು ಉಳಿದವುಗಳ ವಿರುದ್ಧ ಕಲಂ 18ರ ಅಡಿ ಮೇಲ್ಮನವಿಗೆ ಅವಕಾಶವಿದೆ. ಬಾಯಿಮಾತಿನ ನಿರಾಕರಣೆಯ ವಿರುದ್ಧ ಮೇಲ್ಮನವಿ ಹೋಗಲಾಗದು. ಆದ್ದರಿಂದ ಲಿಖಿತ ಆದೇಶದ ಪ್ರತಿಯನ್ನು ಪಟ್ಟುಹಿಡಿದು ಪಡೆಯಬೇಕು.

2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು. ಪಿತ್ರಾರ್ಜಿತವಾಗಿ ಬಂದ ಕೋವಿಯೂ ಈ ಎರಡರ ಲೆಕ್ಕದೊಳಗೇ ಬರುತ್ತದೆ. ಹೆಸರಾಂತ ಕ್ರೀಡಾ ಗುರಿಕಾರರಿಗೆ ಮಾತ್ರ 2020ರ ಅಧಿಸೂಚನೆ ಒಂದು ಸ್ಪರ್ಧಾ ವಿಭಾಗದವರಿಗೆ ಎಂಟು, ಎರಡರವರಿಗೆ ಹತ್ತು, ಅದಕ್ಕಿಂತ ಹೆಚ್ಚು ವಿಭಾಗಗಳವರಿಗೆ ಹನ್ನೆರಡರವರೆಗೆ ಹೆಚ್ಚುವರಿ ಆಯುಧಗಳನ್ನು ಅನುಮತಿಸಿದೆ.

ಕೊಡಗಿನ ವಿನಾಯಿತಿಯನ್ನು ಇಲ್ಲಿ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಅದರ ಬಗ್ಗೆ ಹೊರಗಿನವರಿಗಿರುವಷ್ಟೇ ತಪ್ಪು ಕಲ್ಪನೆ ಒಳಗಿನವರಿಗೂ ಇದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಬಳಿಕ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತ ಕೊಡವರನ್ನು ಅಂದಿನ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟಿತು. ಸ್ವತಂತ್ರ ಭಾರತದಲ್ಲಿ ಅದೇ ಸವಲತ್ತು 1963ರ ಕೇಂದ್ರ ಅಧಿಸೂಚನೆಯ ಮೂಲಕ ಮುಂದುವರಿದು, ಕೊಡವ ಜನಾಂಗದವರಿಗೂ, ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅನ್ವಯಿಸಿತು. ಈ ಎರಡನೆಯ ಗುಂಪಿನಲ್ಲಿ ಗೌಡರೂ ಇತರ ಸಮುದಾಯಗಳವರೂ ಇದ್ದಾರೆ ಎಂಬುದು ಆಗಾಗ ಮರೆತುಹೋಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಗೃಹ ಸಚಿವಾಲಯ ಇದಕ್ಕೆ 2029ರ ಅಕ್ಟೋಬರ್ 31ರವರೆಗೆ ಎಂದು ಕಾಲಮಿತಿ ಹಾಕಿತು, ಮತ್ತು ಅದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಗೋಡೆಯ ಮೇಲೆ ಕೋವಿ, ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ತೋಕ್‌ಪೂ ಎಂಬ ಹೂವಿನ ಅಲಂಕಾರ ಮತ್ತು ಪೂಜೆ, ನಂತರ ಮೈದಾನದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹಿಡಿಯುವ ಪಂದ್ಯ: ಇವು ಒಂದು ಸಮುದಾಯದ ಬದುಕಿನ ಅಂಗ, ಮತ್ತು ಕಾನೂನು ಅದನ್ನು ಗೌರವಿಸಿರುವುದು ಸರಿಯಾಗಿಯೇ ಇದೆ.

ಆದರೆ ಈ ವಿನಾಯಿತಿ ಪರವಾನಗಿಯಿಂದ ಮಾತ್ರವೇ ಹೊರತು ಕಾನೂನಿನಿಂದಲ್ಲ. ಮೊದಲನೆಯದಾಗಿ, ಅದು ಜಿಲ್ಲೆಯ ಗಡಿ ದಾಟಿದೊಡನೆ ಕಿರಿದಾಗುತ್ತದೆ. 1963ರ ಅಧಿಸೂಚನೆಯ ಪ್ರಕಾರ ಕೊಡಗಿನ ಹೊರಗೆ ವಾಸಿಸುವ ಅಥವಾ ಪ್ರಯಾಣಿಸುವ ವಿನಾಯಿತಿದಾರ ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ನುಣುಪು ಬೋರಿನ ಕೋವಿ ಮತ್ತು ಅದರ 500 ತೋಟಾ ಅಥವಾ ಅಷ್ಟಕ್ಕೆ ಸಮನಾದ ಮದ್ದು ಮತ್ತು ಚರೆ, ಇದಕ್ಕಿಂತ ಹೆಚ್ಚನ್ನು ಇಟ್ಟುಕೊಳ್ಳುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಕಲಂ 19ರ ಅಡಿ ಪೊಲೀಸ್ ಅಧಿಕಾರಿ ಕೇಳಿದಾಗ ಪರವಾನಗಿಯನ್ನು, ಇಲ್ಲವೇ ಪರವಾನಗಿ ಬೇಕಿಲ್ಲ ಎಂಬುದಕ್ಕೆ ಆಧಾರವನ್ನು ತೋರಿಸುವ ಹೊಣೆ ಆಯುಧ ಹೊತ್ತವನದು. ತೋರಿಸಲಾಗದಿದ್ದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ ನೀಡುವ ವಿನಾಯಿತಿ ಪತ್ರವನ್ನು ಅಥವಾ ಅದರ ದೃಢೀಕೃತ ಪ್ರತಿಯನ್ನು ಕೋವಿಯ ಚೀಲದಲ್ಲೇ ಇಟ್ಟಿರುವುದು ಇದಕ್ಕಾಗಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೆಲೆಸಿರುವವರಿಗೆ ಈ ಮಾತು ಇನ್ನಷ್ಟು ಮುಖ್ಯ, ಏಕೆಂದರೆ ಅಲ್ಲಿನ ಠಾಣೆಯವರಿಗೆ ಕೊಡಗಿನ ಈ ವಿಶೇಷ ಗೊತ್ತಿರಲೇಬೇಕೆಂದಿಲ್ಲ.

ಎರಡನೆಯ ಮಿತಿ ಕಾಡಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಕಲಂ 34 ಅಷ್ಟು ಪರಿಚಿತವಲ್ಲ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುತ್ತ ಆಯುಧ ಹೊಂದಿರುವ ಪ್ರತಿಯೊಬ್ಬನೂ, ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಪಡೆದವನೂ ಸೇರಿ, ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಬಳಿ ಹೆಸರು ನೋಂದಾಯಿಸಬೇಕೆಂದು ಅದು ಹೇಳುತ್ತದೆ, ಮತ್ತು ಅಂಥ ಪ್ರದೇಶದಲ್ಲಿ ಹೊಸ ಪರವಾನಗಿಗೆ ಅವರ ಪೂರ್ವ ಸಮ್ಮತಿ ಬೇಕು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿರುವ ಕೊಡಗಿನಲ್ಲಿ ಈ 10 ಕಿಲೋಮೀಟರಿನ ಅಂತರ ಎಷ್ಟೋ ಊರುಗಳನ್ನು ಒಳಗೊಳ್ಳುತ್ತದೆ. ಕಲಂ 31ರ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಕಾಡಿನ ನಡುವಿನ ರಸ್ತೆಯಲ್ಲಿ ಪಂದ್ಯಕ್ಕೆ ಹೊರಟವರೂ ಬಳಸು ದಾರಿ ಹಿಡಿಯುವುದೇ ಒಳ್ಳೆಯದು. ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿ ಹಂದಿಯನ್ನು ಕೊಲ್ಲುವ ಅನುಮತಿಯಲ್ಲ. ಅದಕ್ಕೆ ಅರಣ್ಯ ಇಲಾಖೆಯ ಪ್ರತ್ಯೇಕ ಆದೇಶ ಬೇಕು. ವನ್ಯಜೀವಿ ಅಪರಾಧಕ್ಕೆ ಬಳಕೆಯಾಗಿ ಜಪ್ತಾದ ಆಯುಧ ಸರ್ಕಾರದ ಸ್ವತ್ತಾಗುತ್ತದೆ ಎಂದು ಅದೇ ಕಾಯ್ದೆಯ ಕಲಂ 39 ಹೇಳುವುದರಿಂದ, ಒಂದು ರಾತ್ರಿಯ ದುಡುಕಿಗೆ ಮನೆತನದ ಕೋವಿಯೇ ಕೈತಪ್ಪಿ ಹೋಗಬಹುದು.

ಮೂರನೆಯದು ಸಂಭ್ರಮದ ಈಡಿಗೆ ಸಂಬಂಧಿಸಿದ್ದು. ಸಾರ್ವಜನಿಕ ಸಭೆ, ಧಾರ್ಮಿಕ ಸ್ಥಳ, ಮದುವೆ ಮುಂತಾದ ಸಮಾರಂಭಗಳಲ್ಲಿ ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಸೇರಿಸಿದ ಕಲಂ 25(9)ರ ಅಡಿ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಹುಟ್ಟಿಗೆ ಒಂದು, ಸಾವಿಗೆ ಎರಡು ಈಡು ಹಾರಿಸುವ ಕೊಡವ ಪದ್ಧತಿಯನ್ನು ಈ ಕಲಂ ಹೆಸರೆತ್ತಿ ನಿಷೇಧಿಸಿಲ್ಲ. ಅಪಾಯವಾಗುವಂತೆ ಎಂಬ ಮಾತೇ ಅದರ ತಿರುಳು. ಜನ ಗುಂಪುಗೂಡಿದ ಅಂಗಳದಲ್ಲಿ ಹಾರಿಸುವುದಕ್ಕೂ, ಜನರಿಂದ ದೂರ ಸರಿದು ಒಬ್ಬ ಅನುಭವಿ ನಿಯಮಬದ್ಧವಾಗಿ ಹಾರಿಸುವುದಕ್ಕೂ ಇರುವ ಅಂತರವನ್ನು ಕುಟುಂಬದ ಹಿರಿಯರೇ ಕಾಯಬೇಕು. ಮೇಲಕ್ಕೆ ಹೋದ ಗುಂಡು ಎಲ್ಲಿಯೋ ಒಂದು ಕಡೆ ಕೆಳಗೆ ಬೀಳಲೇಬೇಕು.

ಮದ್ದುಗುಂಡಿನ ವಿಷಯದಲ್ಲಿ ಕಾನೂನು ಮತ್ತು ಸುರಕ್ಷತೆ ಒಂದೇ ಕಡೆ ನಿಲ್ಲುತ್ತವೆ. ಒಮ್ಮೆಗೆ ಎಷ್ಟು ಗುಂಡು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ. ಖರೀದಿಯಾದಾಗ ವ್ಯಾಪಾರಿ ಅದನ್ನು ದಾಖಲಿಸಿದ್ದಾನೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಬೇಕು. ಪರವಾನಗಿಯಲ್ಲಿ ನಮೂದಾಗಿರದ ಬೋರಿನ ಒಂದೇ ಒಂದು ಗುಂಡು ಮನೆಯಲ್ಲಿ ಸಿಕ್ಕರೂ ಅದು ಪರವಾನಗಿಯಿಲ್ಲದ ಮದ್ದುಗುಂಡೇ. ಕಲಂ 3ರ ಉಲ್ಲಂಘನೆಗೆ ಈಗ ಎರಡರಿಂದ ಐದು ವರ್ಷದ ಸೆರೆವಾಸವಿರುವುದರಿಂದ, ತೀರಿಹೋದ ತಂದೆಯ ಪೆಟ್ಟಿಗೆಯಲ್ಲಿ ಉಳಿದ ಹಳೆಯ ತೋಟಾಗಳನ್ನೂ ರಸೀದಿ ಪಡೆದು ಠಾಣೆಗೆ ಅಥವಾ ಪರವಾನಗಿ ಪಡೆದ ವ್ಯಾಪಾರಿಗೆ ಒಪ್ಪಿಸಬೇಕು.

12 ಬೋರ್ ಎಂದ ಮಾತ್ರಕ್ಕೆ ಎಲ್ಲ ತೋಟಾಗಳೂ ಎಲ್ಲ ಕೋವಿಗಳಿಗೂ ಹೊಂದುವುದಿಲ್ಲ. ತೋಟಾ ಕೂರುವ ಗೂಡನ್ನು ಚೇಂಬರ್ ಎನ್ನುತ್ತಾರೆ. ಹಳೆಯ ಜೋಡಿನಳಿಕೆ ಕೋವಿಗಳಲ್ಲಿ ಅದು ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್ ಉದ್ದವಿರುವುದುಂಟು. ಇಂದಿನ ಬಹಳಷ್ಟು ತೋಟಾಗಳು 70 ಮಿಲಿಮೀಟರಿನವು. ಈ ಅಳತೆ ತೋಟಾ ಸಿಡಿದು ಬಾಯಿ ಬಿಚ್ಚಿಕೊಂಡ ನಂತರದ ಉದ್ದವಾದ್ದರಿಂದ, ಸಿಡಿಯದ 70ರ ತೋಟಾ 65ರ ಗೂಡಿನೊಳಗೆ ಸರಾಗವಾಗಿಯೇ ಕೂರುತ್ತದೆ ಮತ್ತು ಕೋವಿಯೂ ಮುಚ್ಚಿಕೊಳ್ಳುತ್ತದೆ. ಆದರೆ ಗುಂಡು ಹಾರಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಕೂತಿತು ಎಂಬುದು ಹೊಂದಿತು ಎಂಬುದಕ್ಕೆ ಸಾಕ್ಷಿಯಲ್ಲ. ನಳಿಕೆಯ ಕೆಳಭಾಗದಲ್ಲಿ ಕೊರೆದಿರುವ ಪರೀಕ್ಷಾ ಮುದ್ರೆಯನ್ನು, ಅಂದರೆ ಹೆಚ್ಚಿನ ಒತ್ತಡದಲ್ಲಿ ಹಾರಿಸಿ ನೋಡಿ ಒತ್ತಿದ ಗುರುತನ್ನು, ಬಲ್ಲ ರಿಪೇರಿಗಾರನಿಂದ ಓದಿಸಿ, ಆ ಅಳತೆಯನ್ನು ಕೋವಿಯ ಚೀಲದ ಮೇಲೆ ಬರೆದಿಡಬೇಕು. ಕರಿಮದ್ದಿಗೆಂದು ಮಾಡಿದ ಕೇಪಿನ ಕೋವಿಗೆ ಆಧುನಿಕ ತೋಟಾದಿಂದ ಬಿಡಿಸಿದ ಮದ್ದು ತುಂಬುವುದಂತೂ ಕೈಯನ್ನೋ ಕಣ್ಣನ್ನೋ ಕಳೆದುಕೊಳ್ಳುವ ದಾರಿ. ಹಸಿರು ತುಕ್ಕು ಹಿಡಿದ, ಉಬ್ಬಿದ ಅಥವಾ ನೀರು ತಗುಲಿದ ತೋಟಾಗಳನ್ನು ಮಳೆಗಾಲ ಕಳೆದ ಮೇಲೆ ಆರಿಸಿ ಬೇರೆ ತೆಗೆಯುವುದು ಮಲೆನಾಡಿನ ಮನೆಗಳಲ್ಲಿ ರೂಢಿಯಾಗಬೇಕು.

ಉಪಕರಣಗಳಲ್ಲಿ ಮೊದಲು ಹಣ ಹಾಕಬೇಕಾದ್ದು ದುರ್ಬೀನಿಗಲ್ಲ, ಕಿವಿಯ ರಕ್ಷಣೆಗೆ, ಒಡೆಯದ ಗಾಜಿನ ಕನ್ನಡಕಕ್ಕೆ ಮತ್ತು ಬೀಗವಿರುವ ಉಕ್ಕಿನ ಕಪಾಟಿಗೆ. ಕೋವಿ ಮತ್ತು ಗುಂಡು ಬೇರೆ ಬೇರೆ ಬೀಗದಡಿ ಇರಲಿ. ನಳಿಕೆ ಮೊಟಕುಗೊಳಿಸುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕೆಂದು ಕಲಂ 6 ಹೇಳುವುದರಿಂದ ಊರಿನ ಕುಲುಮೆಯಲ್ಲಿ ಅಂಥ ಕೆಲಸ ಮಾಡಿಸಬಾರದು. ಸಾಗಿಸುವಾಗ ಕೋವಿ ಖಾಲಿಯಾಗಿ ಚೀಲದಲ್ಲಿರಬೇಕು. ರಿಪೇರಿಗೆ ಅಥವಾ ನವೀಕರಣಕ್ಕೆ ಬೇರೊಬ್ಬರು ಒಯ್ಯುವುದಿದ್ದರೆ ಪರವಾನಗಿದಾರನ ಲಿಖಿತ ಅಧಿಕಾರಪತ್ರ ಅವರ ಕೈಯಲ್ಲಿರಬೇಕು. ಗೆಳೆಯನಿಗೆ ಒಂದು ವಾರಕ್ಕೆ ಕೊಟ್ಟಿದ್ದೇನೆ ಎಂಬುದನ್ನು ಕಾಯ್ದೆ ಒಪ್ಪದು.

ಚುನಾವಣೆ ಬಂದಾಗ ಎಲ್ಲರೂ ಕೋವಿ ಒಪ್ಪಿಸಬೇಕೆಂಬ ಸಾರಾಸಗಟು ಸೂಚನೆ ಹೊರಡುವುದುಂಟು. ಪ್ರತಿ ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬ ಪರವಾನಗಿದಾರನ ವಿಷಯವನ್ನೂ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಮಾರ್ಗಸೂಚಿ. ಸ್ಪರ್ಧೆಗಳಲ್ಲಿ ಭಾಗವಹಿಸಬೇಕಾದ ರೈಫಲ್ ಸಂಸ್ಥೆಯ ಸದಸ್ಯರಿಗೆ ಅದರಲ್ಲಿ ರಿಯಾಯಿತಿಯೂ ಇದೆ. ಒಂಟಿ ತೋಟದ ಮನೆಯವರು, ಕಾಡಾನೆ ಕಾಟವಿರುವವರು ಸಕಾರಣ ಮನವಿಯನ್ನು ಮುಂಚಿತವಾಗಿಯೇ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಒಪ್ಪಿಸಿದಾಗ ಕೋವಿಯ ಸಂಖ್ಯೆ, ಸ್ಥಿತಿ, ಗುಂಡುಗಳ ಲೆಕ್ಕ ಬರೆದ ರಸೀದಿಯಿಲ್ಲದೆ ಠಾಣೆಯಿಂದ ಹೊರಡಬಾರದು.

ಕೋವಿ ಮಾರುವವರು ಕೊಳ್ಳುವವನ ಪರವಾನಗಿ ನೋಡಿದರಷ್ಟೇ ಸಾಲದು. ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು 45 ದಿನ ಕಾಯಬೇಕು. ಪರವಾನಗಿದಾರ ತೀರಿಕೊಂಡರೆ ಮನೆಯವರು ತಡಮಾಡದೆ ಆಯುಧವನ್ನು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಇರಿಸಿ, ವಾರಸುದಾರನ ಹೆಸರಿಗೆ ಅರ್ಜಿ ಹಾಕಬೇಕು. ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಅಥವಾ ಆತ 25 ವರ್ಷ ಆ ಕೋವಿಯನ್ನು ಹೊಂದಿದ್ದರೆ, ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು 2016ರ ನಿಯಮಗಳು ಅವಕಾಶ ಕೊಟ್ಟಿವೆ. ವಯಸ್ಸಾದವರಿರುವ ಮನೆಗಳು ಈ ಅವಕಾಶವನ್ನು ಈಗಲೇ ಬಳಸಿಕೊಂಡು, ಪರವಾನಗಿಗೆ ಶಸ್ತ್ರಾಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶ ಭಂಡಾರದ ವಿಶಿಷ್ಟ ಗುರುತಿನ ಸಂಖ್ಯೆ ದಾಖಲಾಗಿದೆಯೇ ಎಂಬುದನ್ನೂ ಅದೇ ಭೇಟಿಯಲ್ಲಿ ಖಚಿತಪಡಿಸಿಕೊಳ್ಳುವುದು ಉಚಿತ.