ಮೊದಲು ಬೇರ್ ಆಕ್ಟ್, ಆಮೇಲೆ ಗೈಡು

ತಂಗೀ, ಕಂಪನಿ ಸೆಕ್ರೆಟರಿ (ಸಿಎಸ್) ಎಕ್ಸಿಕ್ಯೂಟಿವ್‌ಗೆ ಹೆಸರು ಹಚ್ಚಿದಿ ಅಂತ ನಿಮ್ಮಪ್ಪ ಹೇಳಿದ. ದೇವಾಪುರದ ಹುಡುಗಿ ಕಂಪನಿ ಕಾನೂನು ಓದಲಿಕ್ಕೆ ಕೂತಾಳ ಅಂದರೆ ನಮಗೂ ಹೆಮ್ಮೆಯೇ. ಆದರೆ ನಿನ್ನ ಮೇಜು ನೋಡಿ ಸ್ವಲ್ಪ ದಿಗಿಲಾಯಿತು. ಎರಡು ಗೈಡು, ಕೋಚಿಂಗ್ ನೋಟ್ಸಿನ ಝೆರಾಕ್ಸು, ಸೀನಿಯರ್ ಕೊಟ್ಟ ಹಳೇ ಪುಸ್ತಕ, ಮೊಬೈಲ್ ತುಂಬ ಟೆಲಿಗ್ರಾಂ ಪಿಡಿಎಫ್. 2013ರ ಕಂಪನಿ ಕಾಯ್ದೆಯ ಬೇರ್ ಆಕ್ಟ್, ಅಂದರೆ ವಿವರಣೆಯಿಲ್ಲದ ಮೂಲ ಪಠ್ಯ, ಮಾತ್ರ ಎಲ್ಲೂ ಕಾಣಲಿಲ್ಲ.

ಮೊದಲು ಅದನ್ನು ತಂದುಕೋ. ಕೊಳ್ಳುವುದು ಆಗದಿದ್ದರೆ ಸರಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಜೊತೆಗೆ ಪರೀಕ್ಷೆ ನಡೆಸುವ ಐಸಿಎಸ್‌ಐನವರದೇ ಸ್ಟಡಿ ಮೆಟೀರಿಯಲ್. ಇಷ್ಟಿದ್ದರೆ ಒಂದು ಗೈಡು ಸಾಕು, ಎರಡನೆಯದು ಬರೀ ಭಾರ.

ಗೈಡು ಯಾಕೆ ಸಾಲದು ಎಂದರೆ, ಸೆಕ್ಷನ್ 173 ತೆಗೆದು ನೋಡು. ವರ್ಷಕ್ಕೆ ಕನಿಷ್ಠ ನಾಲ್ಕು ಬೋರ್ಡ್ ಮೀಟಿಂಗ್, ಎರಡರ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಇಷ್ಟನ್ನು ಯಾವ ಗೈಡಾದರೂ ದಪ್ಪ ಅಕ್ಷರದಲ್ಲಿ ಕೊಡುತ್ತದೆ. ಅದೇ ಸೆಕ್ಷನ್ನಿನ ಐದನೇ ಉಪವಿಭಾಗಕ್ಕೆ ಬಾ. ಸಣ್ಣ ಕಂಪನಿಗೆ ಅರ್ಧ ವರ್ಷಕ್ಕೊಂದು ಮೀಟಿಂಗ್ ಆದರೂ ನಡೆದೀತು, ಆದರೆ ಎರಡರ ನಡುವೆ 90 ದಿನಕ್ಕಿಂತ ಕಡಿಮೆ ಅಂತರ ಇರಬಾರದು. ಅಲ್ಲಿ 'ಹೆಚ್ಚಿರಬಾರದು', ಇಲ್ಲಿ 'ಕಡಿಮೆ ಇರಬಾರದು'. ಪೆನ್ಸಿಲ್ ಹಿಡಿದು ಮೂಲ ಓದಿದವಳಿಗೆ ಇದು ಮರೆಯುವುದಿಲ್ಲ. ಬಾಯಿಪಾಠ ಮಾಡಿದವಳು ಪರೀಕ್ಷೆಯಲ್ಲಿ ಎರಡನ್ನೂ ಕಲಸಿಬಿಡುತ್ತಾಳೆ.

ಸರಿ, ಸಣ್ಣ ಕಂಪನಿ ಅಂದರೆ ಯಾವುದು? ನಿನ್ನ ಹಳೇ ಪುಸ್ತಕ ಎಡವಿಸುವುದೇ ಇಲ್ಲಿ. ಕಾಯ್ದೆ ಬಂದಾಗ ಮಿತಿ 50 ಲಕ್ಷ ಬಂಡವಾಳ, 2 ಕೋಟಿ ವಹಿವಾಟು ಇತ್ತು. 2021ರಲ್ಲಿ ಅದು 2 ಕೋಟಿ, 20 ಕೋಟಿ ಆಯಿತು. 2022ರಲ್ಲಿ 4 ಕೋಟಿ, 40 ಕೋಟಿ. ಆಮೇಲೂ ಏರಿದೆ, ಎಷ್ಟೆಂದು ಅಧಿಸೂಚನೆ ಹುಡುಕಿ ನೀನೇ ಅಂಚಿನಲ್ಲಿ ಬರೆದುಕೋ. ಜೂನ್ ಪರೀಕ್ಷೆಗೆ ಹಿಂದಿನ ನವೆಂಬರ್ 30ರವರೆಗಿನ, ಡಿಸೆಂಬರ್ ಪರೀಕ್ಷೆಗೆ ಅದೇ ವರ್ಷದ ಮೇ 31ರವರೆಗಿನ ತಿದ್ದುಪಡಿ ಓದಬೇಕು ಎಂಬುದು ಐಸಿಎಸ್‌ಐ ಲೆಕ್ಕ. ಹಾಗಂತ ಹಳೇ ಪುಸ್ತಕ ರದ್ದಿಗೆ ಹಾಕಬೇಡ. ಕಂಪನಿಯೇ ಬೇರೆ, ಅದರ ಷೇರುದಾರರೇ ಬೇರೆ ಎಂದ 1897ರ ಸಾಲೊಮನ್ ಮೊಕದ್ದಮೆ ಇವತ್ತಿಗೂ ಅದೇ. ಆ ಪುಸ್ತಕದಲ್ಲಿ ಕೇಸುಗಳನ್ನಷ್ಟೇ ಓದು. ಕೇಸು ಚೆನ್ನಾಗಿ ತಿಳಿಯಬೇಕೆಂದರೆ ಅವತಾರ್ ಸಿಂಗ್ ಅವರ ಪುಸ್ತಕ ಒಳ್ಳೆಯದು. ರಾಮಯ್ಯ ಅವರ ದೊಡ್ಡ ಗ್ರಂಥ ವಕೀಲರ ಕಪಾಟಿಗೆ ಇರಲಿ, ಈಗ ನಿನಗೆ ಬೇಡ.

ಓದಿದ್ದು ಕಣ್ಣಿಗೆ ಕಾಣಬೇಕು ಅಂದರೆ ಬೆಂಗಳೂರಿಗೇ ಹೋಗಬೇಕಿಲ್ಲ. ಭತ್ತ, ಹತ್ತಿ, ತೊಗರಿ ಬೆಳೆಯುವ ನಮ್ಮ ಸುರಪುರ ಸೀಮೆಗೆ ಕಂಪನಿ ಕಾಯ್ದೆಯಲ್ಲೇ ಒಂದು ಅಧ್ಯಾಯ ಇದೆ: 21ಎ, ಉತ್ಪಾದಕ ಕಂಪನಿಗಳದು. 2020ರ ತಿದ್ದುಪಡಿಯಲ್ಲಿ ಸೇರಿದ್ದು. ಅದಕ್ಕೂ ಮೊದಲು 1956ರ ಹಳೇ ಕಾಯ್ದೆಯ ಭಾಗವೇ ಜೀವ ಹಿಡಿದುಕೊಂಡಿತ್ತು. ಹತ್ತು ಜನ ರೈತರು ಸೇರಿದರೆ ಕಂಪನಿ ಕಟ್ಟಬಹುದು, ನಿರ್ದೇಶಕರು ಐದಕ್ಕೆ ಕಡಿಮೆ ಇಲ್ಲ, ಹದಿನೈದಕ್ಕೆ ಹೆಚ್ಚಿಲ್ಲ. ಸಾಮಾನ್ಯ ಕಂಪನಿಯಲ್ಲಿ ಷೇರಿದ್ದಷ್ಟು ಓಟು. ಇಲ್ಲಿ ಎಷ್ಟು ಷೇರಿದ್ದರೂ ರೈತನಿಗೆ ಒಂದೇ ಓಟು. ಅಂಥ ಕಂಪನಿಯಲ್ಲಿ ಷೇರು ಹಾಕಿದವರು ಯಾರಾದರೂ ಇದ್ದರೆ ಅದರ ಆರ್ಟಿಕಲ್ಸ್ (ಒಳನಿಯಮಾವಳಿ) ಪ್ರತಿ ಕೇಳಿ ತಂದು, ಕಾಯ್ದೆಯ ಪಕ್ಕದಲ್ಲಿಟ್ಟು ಓದು. ಅವರು ಕೊಡದಿದ್ದರೂ ಶುಲ್ಕ ಕಟ್ಟಿ ರಿಜಿಸ್ಟ್ರಾರ್ ಬಳಿಯ ದಾಖಲೆ ನೋಡಲು ಸೆಕ್ಷನ್ 399 ಇದೆಯಲ್ಲ.

ಸಿಎಸ್ ಪರೀಕ್ಷೆ ಕನ್ನಡದಲ್ಲಿಲ್ಲ, ಇಂಗ್ಲಿಷ್ ಇಲ್ಲವೇ ಹಿಂದಿ. ಅದಕ್ಕೇ ಹೇಳುತ್ತೇನೆ: ನೋಟ್‌ಬುಕ್ಕಿನ ಎಡಪುಟದಲ್ಲಿ ಸೆಕ್ಷನ್ನಿನ ಮೂಲ ಮಾತು ಬರಿ, ಬಲಪುಟದಲ್ಲಿ ನಿನ್ನ ಕನ್ನಡದಲ್ಲಿ ತಿಳಿದದ್ದು ಬರಿ. ಬಲಪುಟ ಖಾಲಿ ಉಳಿದರೆ ಆ ಸೆಕ್ಷನ್ ಇನ್ನೂ ತಲೆಗೆ ಇಳಿದಿಲ್ಲ. ಉತ್ತರಪತ್ರಿಕೆಗೆ ಮಾತ್ರ ಕಾಯ್ದೆಯ ಮಾತೇ ಇಳಿಯಲಿ.

ಹಳೇ ಪ್ರಶ್ನೆಪತ್ರಿಕೆಗಳನ್ನು ಪುಸ್ತಕ ಮುಚ್ಚಿಟ್ಟು, ಗಡಿಯಾರ ಎದುರಿಗಿಟ್ಟು ಬಿಡಿಸು. ಐಸಿಎಸ್‌ಐ ಮಾದರಿ ಉತ್ತರಗಳನ್ನೂ ಹಾಕುತ್ತದೆ. ತಾಳೆ ನೋಡುವ ಮೊದಲು ಅವು ಯಾವ ವರ್ಷದವು ಎಂದು ನೋಡಿಕೋ, ಅಂದಿನ ಮಿತಿಗಳೇ ಅವುಗಳಲ್ಲಿರುತ್ತವೆ.