ಗೋಡೆಗೇರುವ ಮುನ್ನ ಫೋಟೊ

ಫೋಟೊ ಸ್ಪಷ್ಟವಾಗಿ ಮೂಡಲು ಇಂಚಿಗೆ 300 ಪಿಕ್ಸೆಲ್ ಇರಬೇಕು. 4×6 ಇಂಚಿನ ಪ್ರತಿಗೆ 1200×1800 ಪಿಕ್ಸೆಲ್ ಸಾಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಸಾಮಾನ್ಯವಾಗಿ ಕುಗ್ಗಿರುತ್ತದೆ, ಹಾಗಾಗಿ ಮೂಲ ಫೈಲನ್ನೇ ಸ್ಟುಡಿಯೊಗೆ ಕೊಡುವುದು ಲೇಸು. ಕಿಟಕಿಗೆ ಎದುರಾದ ಗೋಡೆಗೆ ಮ್ಯಾಟ್ ಕಾಗದ ಒಪ್ಪುತ್ತದೆ. ಗ್ಲಾಸಿ ಕಾಗದದಲ್ಲಿ ಮುಖಕ್ಕಿಂತ ಬೆಳಕೇ ಹೆಚ್ಚು ಕಾಣುತ್ತದೆ.

ದುಬಾರಿ ಫ್ರೇಮೇ ಬೇಕೆಂದಿಲ್ಲ. ಸೆಣಬಿನ ಹುರಿಗೆ ಮರದ ಕ್ಲಿಪ್ಪಿನಿಂದ ಸಿಕ್ಕಿಸಿದ ಚಿತ್ರಗಳನ್ನು ಹಬ್ಬಕ್ಕೊಮ್ಮೆ ಬದಲಿಸಬಹುದು. ಅಜ್ಜಿಯ ಕಪ್ಪು-ಬಿಳುಪು ಫೋಟೊಗೆ ಅವರದೇ ಹಳೆಯ ಸೀರೆಯ ಅಂಚನ್ನು ಹಿನ್ನೆಲೆಯಾಗಿಟ್ಟು ಕಟ್ಟು ಹಾಕಿಸಬಹುದು. ಹಲವು ಚಿತ್ರಗಳನ್ನು ಗುಂಪಾಗಿ ತೂಗುಹಾಕುವಾಗ, ಫ್ರೇಮಿನ ಅಳತೆಗೆ ಕತ್ತರಿಸಿದ ದಿನಪತ್ರಿಕೆಯ ಹಾಳೆಗಳನ್ನು ಮೊದಲು ಗೋಡೆಗೆ ಅಂಟಿಸಿ ನೋಡಿದರೆ ಮೊಳೆಯ ಜಾಗ ತಪ್ಪುವುದಿಲ್ಲ.

ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಳ್ಳದಂತೆ ನಡುವೆ ರಟ್ಟಿನ ಅಂಚು ಬೇಕು. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಹಳೆಯ ಫೋಟೊವನ್ನು ಸ್ಕ್ಯಾನ್ ಮಾಡಿಸಿ, ಪ್ರತಿಯನ್ನಷ್ಟೇ ತೂಗುಹಾಕುವುದು ಕ್ಷೇಮ.